ಮೋಟಾರು ಕಾರಿನ ಟೈರುಗಳ ಗಾಳಿಯ ಒತ್ತಡ: ಅದನ್ನು ಅಳೆಯುವ ಮತ್ತು ಕಾಪಾಡುವ ಕ್ರಮ

ಪೂರ್ವದಲ್ಲಿ ಸಂತೆಗೆ ಗಾಡಿ ಹೂಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕದೆ, ಕಡಾಣಿಯನ್ನು ಕೈಯಿಂದ ಮುಟ್ಟಿ ನೋಡದೆ ಯಾವ ರೈತನೂ ಹೊರಡುತ್ತಿರಲಿಲ್ಲ. ಕಡಾಣಿ ಕಳಚಿದರೆ ಗಾಲಿಯೂ ಕಳಚುವುದೆಂಬುದು ಮನೆಯ ಮಕ್ಕಳಿಗೂ ತಿಳಿದಿದ್ದ ಸಂಗತಿಯಾಗಿತ್ತು. ಈಗ ಅದೇ ಮನೆಗಳ ಅಂಗಳದಲ್ಲಿ ಮೋಟಾರು ಕಾರುಗಳು ನಿಂತಿವೆ. ಯಜಮಾನರು ಯಂತ್ರದ ಎಣ್ಣೆಯನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸುವರು, ಮೈಯನ್ನು ತೊಳೆಯಿಸುವರು. ಆದರೆ ಟೈರಿನೊಳಗಿನ ಗಾಳಿಯನ್ನು ಅಳೆದು ನೋಡುವವರು ವಿರಳ. ಒಂದು ಸಲ ಕಾಲಿನಿಂದ ಒದ್ದು, "ಗಾಳಿ ಸಾಕಷ್ಟಿದೆ" ಎಂದು ಹೇಳಿ ಹೊರಡುವುದೇ ವಾಡಿಕೆಯಾಗಿದೆ. ಈ ವಾಡಿಕೆಯು ಎಷ್ಟು ಅಪಾಯಕರವೆಂಬುದನ್ನೂ, ಅದರ ಬದಲಿಗೆ ಅನುಸರಿಸಬೇಕಾದ ಸುಲಭವಾದ ಕ್ರಮವನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಹಳ್ಳಿಯ ಕಾರಿನ ವಿಶೇಷ ಸ್ಥಿತಿ

ಪಟ್ಟಣದ ಕಾರು ಪ್ರತಿದಿನವೂ ಓಡುತ್ತದೆ. ವಾರಕ್ಕೊಮ್ಮೆಯಾದರೂ ಪೆಟ್ರೋಲು ಬಂಕಿನ ಮುಂದೆ ನಿಲ್ಲುತ್ತದೆ. ಹಳ್ಳಿಯ ಕಾರಿನ ರೀತಿ ಬೇರೆ. ಉದಾಹರಣೆಗೆ, ಬೆಳೆಗಾರರೊಬ್ಬರ ಕಾರು ನಾಟಿಯ ಕಾಲದಲ್ಲಿ ಒಂದೆರಡು ತಿಂಗಳು ಕೊಟ್ಟಿಗೆಯ ಪಕ್ಕದಲ್ಲಿಯೇ ನಿಂತಿರಬಹುದು. ಆ ಮೇಲೆ ಒಂದು ದಿನ ಮದುವೆಯ ದಿಬ್ಬಣಕ್ಕೋ, ರೋಗಿಯನ್ನು ಜಿಲ್ಲೆಯ ಆಸ್ಪತ್ರೆಗೆ ಸೇರಿಸುವುದಕ್ಕೋ ಅದನ್ನು ತುರ್ತಾಗಿ ಹೊರಡಿಸುವರು. ಐವರು ಕೂರಬೇಕಾದ ಕಡೆ ಏಳು ಮಂದಿ ಕೂರುವರು. ಹಿಂದಿನ ಡಿಕ್ಕಿಯಲ್ಲಿ ಅಕ್ಕಿಯ ಮೂಟೆಯೂ ತೆಂಗಿನಕಾಯಿಗಳೂ ಸೇರುವವು. ಕಾರು ಹೆದ್ದಾರಿಯನ್ನು ಹತ್ತಿ ಮಧ್ಯಾಹ್ನದ ಬಿಸಿಲಿನಲ್ಲಿ ವೇಗವಾಗಿ ಓಡುವುದು. ಇಳಿದ ಗಾಳಿ, ಮಿತಿಮೀರಿದ ಭಾರ, ಕಾದ ರಸ್ತೆ, ಹೆಚ್ಚಿದ ವೇಗ ಈ ನಾಲ್ಕೂ ಒಂದೇ ದಿನ ಕೂಡಿಬರುವುದು ಇಂತಹ ಕಾರಿಗೇ. ಆದಕಾರಣ ಕಡಿಮೆ ಓಡುವ ಕಾರಿಗೆ ಗಾಳಿಯ ಪರೀಕ್ಷೆ ಅಷ್ಟಾಗಿ ಬೇಕಿಲ್ಲವೆಂಬ ಭಾವನೆಯು ತಪ್ಪು. ಅದಕ್ಕೇ ಈ ಪರೀಕ್ಷೆ ಎಲ್ಲಕ್ಕಿಂತ ಅವಶ್ಯಕ.

೧. ಭಾರವನ್ನು ಹೊರುವುದು ಯಾವುದು?

ಕಾರಿನ ಭಾರವನ್ನು ರಬ್ಬರು ಹೊರುತ್ತದೆಂದು ಅನೇಕರ ಭಾವನೆ. ವಾಸ್ತವವಾಗಿ ಭಾರದ ಬಹುಭಾಗವನ್ನು ಹೊರುವುದು ಒಳಗಿನ ಗಾಳಿ. ರಬ್ಬರೂ ಅದರೊಳಗಿನ ನೂಲು ಮತ್ತು ಉಕ್ಕಿನ ತಂತಿಗಳೂ ಆ ಗಾಳಿಯನ್ನು ಹಿಡಿದಿಡುವ ಚೀಲವಾಗಿವೆ. ಗಾಳಿ ತುಂಬಿದ ಚಕ್ರಕ್ಕೆ ೧೮೪೫ರಲ್ಲಿ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬುವರು ಹಕ್ಕುಪತ್ರ ಪಡೆದಿದ್ದರೂ ಅದು ಬಳಕೆಗೆ ಬರಲಿಲ್ಲ. ೧೮೮೮ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬುವರು, ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗೆಂದು ರೂಪಿಸಿದ ಗಾಳಿಯ ಟೈರಿಗೆ ಹಕ್ಕುಪತ್ರ ಪಡೆದ ಮೇಲೆ ಅದು ಲೋಕದಲ್ಲೆಲ್ಲಾ ಹರಡಿತು.

ಗಾಳಿಯು ಭಾರವನ್ನು ಹೊರುವ ಬಗೆಯನ್ನು ಒಂದು ಸುಲಭವಾದ ಲೆಕ್ಕದಿಂದ ತಿಳಿಯಬಹುದು. ಜನರೂ ಸಾಮಾನೂ ಸೇರಿ ಒಂದು ಕಾರಿನ ತೂಕ ೧೨೦೦ ಕಿಲೋಗ್ರಾಂ ಎಂದಿಟ್ಟುಕೊಂಡರೆ, ಒಂದೊಂದು ಚಕ್ರಕ್ಕೆ ೩೦೦ ಕಿಲೋಗ್ರಾಂ ಬೀಳುತ್ತದೆ. ಗಾಳಿಯ ಒತ್ತಡವು ಚದರ ಅಂಗುಲಕ್ಕೆ ೩೦ ಪೌಂಡು ಇದ್ದರೆ, ಅದು ಚದರ ಸೆಂಟಿಮೀಟರಿಗೆ ಸುಮಾರು ೨.೧ ಕಿಲೋಗ್ರಾಂ ಆಯಿತು. ೩೦೦ನ್ನು ೨.೧ರಿಂದ ಭಾಗಿಸಿದರೆ ಸುಮಾರು ೧೪೩ ಚದರ ಸೆಂಟಿಮೀಟರು ಬರುತ್ತದೆ. ಅಂದರೆ ಪ್ರತಿಯೊಂದು ಟೈರೂ ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಬೆರಳುಗಳನ್ನು ಜೋಡಿಸಿದ ಒಂದು ಕೈಯಷ್ಟು ಮಾತ್ರ. ಇಡೀ ಸಂಸಾರದ ಪ್ರಾಣವು ಇಂತಹ ನಾಲ್ಕು ಕೈಯಗಲದ ಜಾಗವನ್ನು ನೆಚ್ಚಿಕೊಂಡಿದೆ.

ಅದೇ ಟೈರಿನ ಗಾಳಿ ೨೦ ಪೌಂಡಿಗೆ ಇಳಿದರೆ, ಅದೇ ಭಾರವನ್ನು ಹೊರಲು ಸುಮಾರು ೨೧೪ ಚದರ ಸೆಂಟಿಮೀಟರು ಬೇಕಾಗುತ್ತದೆ. ಇಷ್ಟು ಜಾಗ ಸಿಕ್ಕುವವರೆಗೂ ಟೈರು ಚಪ್ಪಟೆಯಾಗುತ್ತಾ ಹೋಗುವುದು. ಟೈರಿನ ಗೋಡೆಯೂ ಸ್ವಲ್ಪ ಭಾರವನ್ನು ಹೊರುವುದರಿಂದ ಈ ಲೆಕ್ಕ ಅಕ್ಷರಶಃ ಸರಿಯಲ್ಲವಾದರೂ, ನಡೆಯುವುದೇನೆಂಬುದನ್ನು ಇದು ಸ್ಪಷ್ಟವಾಗಿ ತೋರಿಸುತ್ತದೆ.

೨. ಗಾಳಿ ಕಡಿಮೆಯಾದರೆ ಆಗುವ ಕೇಡು

ಸಾಮಾನ್ಯ ಗಾತ್ರದ ಕಾರಿನ ಚಕ್ರವು ಒಂದು ಕಿಲೋಮೀಟರಿಗೆ ಸುಮಾರು ೫೫೦ ಸುತ್ತು ತಿರುಗುತ್ತದೆ. ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ ಹೋಗುವಾಗ ಟೈರಿನ ಗೋಡೆಯ ಪ್ರತಿಯೊಂದು ಭಾಗವೂ ಸೆಕೆಂಡಿಗೆ ಹನ್ನೆರಡು ಸಲ ಬಾಗಿ ನೆಟ್ಟಗಾಗುತ್ತದೆ. ಕಬ್ಬಿಣದ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಅದು ಬಿಸಿಯಾಗಿ ಕಡೆಗೆ ತುಂಡಾಗುವುದನ್ನು ಎಲ್ಲರೂ ಕಂಡಿದ್ದಾರೆ. ಗಾಳಿ ಕಡಿಮೆಯಾದ ಟೈರಿನಲ್ಲಿ ಈ ಬಾಗುವಿಕೆ ಹೆಚ್ಚು. ಹೆಚ್ಚು ಬಾಗಿದಷ್ಟೂ ಶಾಖ ಹೆಚ್ಚು. ಶಾಖದಿಂದ ರಬ್ಬರಿಗೂ ಉಕ್ಕಿನ ತಂತಿಗೂ ಇರುವ ಅಂಟು ಬಿಡುತ್ತಾ ಬಂದು, ಕೊನೆಗೆ ಮೇಲ್ಪದರವು ಕಿತ್ತುಹೋಗುವುದು, ಇಲ್ಲವೆ ಟೈರು ಒಡೆಯುವುದು. ಹೊರಗಿನಿಂದ ನೋಡುವವರಿಗೆ ಇದು ಹಠಾತ್ತಾಗಿ ಬಂದ ವಿಪತ್ತಿನಂತೆ ಕಾಣುವುದು. ಆದರೆ ಅದರ ಬೀಜವು ಎಷ್ಟೋ ದಿನಗಳ ಹಿಂದೆಯೇ ಬಿದ್ದಿರುತ್ತದೆ.

ಅಮೆರಿಕಾ ದೇಶದಲ್ಲಿ ೨೦೦೦ನೇ ಇಸವಿಯಲ್ಲಿ ಮೇಲ್ಪದರ ಕಳಚುತ್ತಿದ್ದ ಸುಮಾರು ೬೫ ಲಕ್ಷ ಟೈರುಗಳನ್ನು ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಅವುಗಳಿಂದ ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡಿದ್ದರು. ತಯಾರಿಕೆಯ ದೋಷದೊಂದಿಗೆ ಕಡಿಮೆ ಗಾಳಿ, ಭಾರ, ಬಿಸಿಲು, ವೇಗ ಇವು ಕೂಡಿದ್ದುದು ಆಗ ವಿಚಾರಣೆಯಲ್ಲಿ ಬಹಳವಾಗಿ ಚರ್ಚೆಗೆ ಬಂದಿತು. ಅದೇ ವರ್ಷ ಆ ದೇಶದಲ್ಲಿ ಒಂದು ಕಾಯಿದೆಯಾಗಿ, ೨೦೦೭ರ ಸೆಪ್ಟೆಂಬರಿನಿಂದ ತಯಾರಾಗುವ ಎಲ್ಲಾ ಲಘು ವಾಹನಗಳಿಗೂ ಗಾಳಿ ಇಳಿದುದನ್ನು ತಿಳಿಸುವ ದೀಪ ಕಡ್ಡಾಯವಾಯಿತು.

ಒಡೆಯುವುದಲ್ಲದೆ ಬೇರೆ ಕೇಡುಗಳೂ ಉಂಟು. ಕಾರು ಚುಕ್ಕಾಣಿಗೆ ಬೇಗನೆ ಬಗ್ಗುವುದಿಲ್ಲ. ಮಳೆಗಾಲದಲ್ಲಿ ನೀರು ನಿಂತ ರಸ್ತೆಯ ಮೇಲೆ ಟೈರು ನೀರನ್ನು ಹೊರದೂಡಲಾರದೆ ತೇಲಿ ಜಾರುವುದು. ಟೈರಿನ ಎರಡು ಅಂಚುಗಳೂ ಬೇಗ ಸವೆಯುವುವು. ಇಂಧನವೂ ಹೆಚ್ಚಾಗಿ ಖರ್ಚಾಗುವುದು. ನಾಲ್ಕು ಟೈರುಗಳಲ್ಲಿಯೂ ಒಂದೊಂದು ಪೌಂಡು ಇಳಿದಂತೆ ಸುಮಾರು ಶೇಕಡಾ ೦.೨ರಷ್ಟು ಎಂಬ ಲೆಕ್ಕವಿದೆ. ಇಂಧನದ ನಷ್ಟ ಅಲ್ಪ. ಟೈರಿನ ನಷ್ಟ ಅದಕ್ಕಿಂತ ಹೆಚ್ಚು. ಪ್ರಾಣದ ಭಯ ಎಲ್ಲಕ್ಕೂ ಹೆಚ್ಚು.

೩. ಗಾಳಿ ಹೆಚ್ಚಾದರೂ ಕೇಡು

ಹೆಚ್ಚು ಮಂದಿಯನ್ನು ಕೂರಿಸಬೇಕೆಂದು ಮನಬಂದಂತೆ ಗಾಳಿ ತುಂಬಿಸುವುದೂ ತಪ್ಪು. ಮಿತಿಮೀರಿ ತುಂಬಿದ ಟೈರು ನೆಲವನ್ನು ನಡುಭಾಗದಿಂದ ಮಾತ್ರ ಮುಟ್ಟುತ್ತದೆ. ಹಿಡಿತ ತಗ್ಗುವುದು, ನಡುಭಾಗ ಬೇಗ ಸವೆಯುವುದು, ಹಳ್ಳಿಯ ರಸ್ತೆಯ ಗುಂಡಿಗೋ ಕಲ್ಲಿಗೋ ಬಿದ್ದಾಗ ಪೆಟ್ಟನ್ನು ನುಂಗಲಾರದೆ ಟೈರಿನ ಒಳಪದರ ಹರಿಯುವುದು. ಟೈರಿನ ಸವೆತವನ್ನು ನೋಡಿದರೇ ಯಜಮಾನರಿಗೆ ತಮ್ಮ ಅಭ್ಯಾಸ ತಿಳಿಯುತ್ತದೆ. ಎರಡು ಅಂಚುಗಳು ಸವೆದಿದ್ದರೆ ಗಾಳಿ ಕಡಿಮೆ. ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದಿದ್ದರೆ ದೋಷವು ಗಾಳಿಯದಲ್ಲ, ಚಕ್ರಗಳ ಜೋಡಣೆಯದು.

೪. ಎಷ್ಟು ಗಾಳಿ ಇರತಕ್ಕದ್ದು?

ಈ ಪ್ರಶ್ನೆಗೆ ಉತ್ತರವನ್ನು ನೆರೆಯವರಿಂದಾಗಲೀ ಗಾಳಿ ತುಂಬುವ ಹುಡುಗನಿಂದಾಗಲೀ ಕೇಳಬೇಕಾದುದಿಲ್ಲ. ಸಾಮಾನ್ಯವಾಗಿ ಚಾಲಕನ ಬಾಗಿಲನ್ನು ತೆರೆದರೆ ಕಂಬದ ಮೇಲೆಯೋ, ಇಂಧನದ ಮುಚ್ಚಳದ ಒಳಮಗ್ಗುಲಿನಲ್ಲಿಯೋ ಒಂದು ಚೀಟಿ ಅಂಟಿಸಿರುತ್ತದೆ. ಕಾರಿನ ಕೈಪಿಡಿಯಲ್ಲಿಯೂ ಅದೇ ಅಂಕಿಗಳಿರುತ್ತವೆ. ಮುಂದಿನ ಚಕ್ರಗಳಿಗೆ ಇಷ್ಟು, ಹಿಂದಿನವಕ್ಕೆ ಇಷ್ಟು, ಪೂರ್ಣ ಭಾರವಿರುವಾಗ ಇಷ್ಟು ಎಂದು ಬೇರೆ ಬೇರೆಯಾಗಿ ಕೊಟ್ಟಿರುವುದುಂಟು. ಚಿಕ್ಕ ಕಾರುಗಳಿಗೆ ಬಹುಮಟ್ಟಿಗೆ ಈ ಅಂಕಿ ೩೦ರಿಂದ ೩೫ ಪೌಂಡಿನೊಳಗೆ ಇರುತ್ತದೆ. ಬಂಕುಗಳಲ್ಲಿ "ಪಿ.ಎಸ್.ಐ." ಎಂದು ಕರೆಯುವುದು ಈ ಚದರ ಅಂಗುಲದ ಪೌಂಡನ್ನೇ. ಕೆಲವು ಚೀಟಿಗಳಲ್ಲಿ "ಬಾರ್" ಎಂಬ ಮಾನವಿದ್ದರೆ, ಒಂದು ಬಾರ್ ೧೪.೫ ಪೌಂಡಿಗೆ ಸಮ.

ಟೈರಿನ ಗೋಡೆಯ ಮೇಲೆಯೂ ಒಂದು ಅಂಕಿ ಅಚ್ಚಾಗಿರಬಹುದು. ಅದು ಆ ಟೈರು ತಾಳಬಲ್ಲ ಪರಮಾವಧಿಯೇ ಹೊರತು ತುಂಬಿಸಬೇಕಾದ ಪ್ರಮಾಣವಲ್ಲ. ಈ ಎರಡನ್ನೂ ಬೆರೆಸಿಕೊಳ್ಳಕೂಡದು.

೫. ತಣ್ಣಗಿರುವಾಗಲೇ ಅಳೆಯತಕ್ಕದ್ದು

ಚೀಟಿಯಲ್ಲಿರುವ ಅಂಕಿ ತಣ್ಣಗಿರುವ ಟೈರಿಗೆ ಸಂಬಂಧಪಟ್ಟದ್ದು. ಕಾರು ಮೂರು ಗಂಟೆಯಾದರೂ ನಿಂತಿರಬೇಕು; ಇಲ್ಲವೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಬೆಳಗಿನ ಹೊತ್ತು ಇದಕ್ಕೆ ಪ್ರಶಸ್ತ. ಗಾಳಿಯು ಕಾದರೆ ಹಿಗ್ಗಲು ಯತ್ನಿಸುವುದು, ಟೈರಿನೊಳಗೆ ಹಿಗ್ಗಲು ಎಡೆಯಿಲ್ಲದ್ದರಿಂದ ಒತ್ತಡ ಏರುವುದು. ಉಷ್ಣತೆಯು ೧೦ ಡಿಗ್ರಿ ಸೆಂಟಿಗ್ರೇಡು ಏರಿದರೆ ಒತ್ತಡ ಸುಮಾರು ಒಂದೂವರೆ ಪೌಂಡು ಏರುವುದು. ಇಳಿದರೆ ಅಷ್ಟೇ ಇಳಿಯುವುದು. ಹೆದ್ದಾರಿಯಲ್ಲಿ ಓಡಿ ಬಂದ ಟೈರಿನಲ್ಲಿ ನಾಲ್ಕರಿಂದ ಆರು ಪೌಂಡು ಹೆಚ್ಚು ಕಾಣುವುದು ಸಹಜ.

ಇಲ್ಲಿಯೇ ಅನೇಕರು ಎಡವುವರು. ಪ್ರಯಾಣದ ನಡುವೆ ಅಳೆದಾಗ ೩೨ ಇರಬೇಕಾದ ಕಡೆ ೩೬ ಕಂಡು, ಹೆಚ್ಚಾಗಿದೆಯೆಂದು ನಾಲ್ಕು ಪೌಂಡು ಬಿಟ್ಟುಬಿಡುವರು. ಮಾರನೆಯ ಬೆಳಗ್ಗೆ ಟೈರು ತಣಿದಾಗ ಉಳಿಯುವುದು ೨೮ ಮಾತ್ರ. ಬಿಸಿ ಟೈರಿನಿಂದ ಎಂದಿಗೂ ಗಾಳಿಯನ್ನು ಬಿಡಕೂಡದು. ಒಂದು ವೇಳೆ ಬಿಸಿಯಾಗಿರುವಾಗಲೂ ಚೀಟಿಯ ಅಂಕಿಗಿಂತ ಕಡಿಮೆಯಿದ್ದರೆ, ಚೀಟಿಯ ಅಂಕಿಗೆ ನಾಲ್ಕು ಪೌಂಡು ಸೇರಿಸಿ ತುಂಬಿಸಿಕೊಂಡು, ಮಾರನೆಯ ಬೆಳಗ್ಗೆ ಪುನಃ ಅಳೆದು ಸರಿಪಡಿಸತಕ್ಕದ್ದು.

ಋತುಮಾನವನ್ನೂ ಗಮನಿಸಬೇಕು. ಕಲಬುರಗಿಯ ಕಡೆಯ ಬೇಸಿಗೆಯ ಮಧ್ಯಾಹ್ನ ೩೮ ಡಿಗ್ರಿಯಲ್ಲಿ ನಿಂತ ಕಾರಿಗೆ ಸರಿಯಾಗಿ ತುಂಬಿಸಿದ ಗಾಳಿಯು, ಮಾಗಿಯ ಮುಂಜಾನೆ ೧೫ ಡಿಗ್ರಿಯಲ್ಲಿ, ಒಂದಿಷ್ಟೂ ಸೋರದಿದ್ದರೂ, ಸುಮಾರು ಮೂರೂವರೆ ಪೌಂಡು ಕಡಿಮೆ ತೋರಿಸುವುದು. ಮಲೆನಾಡಿನವರು ಘಾಟಿ ಹತ್ತುವ ವಿಷಯದಲ್ಲಿ ಸಂದೇಹಪಡುವುದುಂಟು. ಮಂಗಳೂರಿನಿಂದ ಸುಮಾರು ೧೧೫೦ ಮೀಟರು ಎತ್ತರದ ಮಡಿಕೇರಿಗೆ ಬಂದರೆ ಹೊರಗಿನ ವಾಯುಭಾರ ತಗ್ಗುವುದರಿಂದ ಮಾಪಕವು ಸುಮಾರು ಎರಡು ಪೌಂಡು ಹೆಚ್ಚು ತೋರಿಸಬೇಕು. ಆದರೆ ಅಲ್ಲಿನ ತಂಪು ಹೆಚ್ಚುಕಡಿಮೆ ಅಷ್ಟನ್ನೇ ಕಳೆಯುತ್ತದೆ. ಘಾಟಿಗೆಂದು ಗಾಳಿ ಇಳಿಸುವ ಪದ್ಧತಿ ಅನಾವಶ್ಯಕ.

೬. ಅಳೆಯುವ ಕ್ರಮ

ಪ್ರತಿಯೊಬ್ಬ ಯಜಮಾನರೂ ಸ್ವಂತಕ್ಕೆ ಒಂದು ಗಾಳಿಮಾಪಕವನ್ನು ಇಟ್ಟುಕೊಳ್ಳುವುದು ಮೇಲು. ಕಡ್ಡಿಯ ಮಾದರಿ, ಮುಳ್ಳಿನ ಮಾದರಿ, ಅಂಕಿ ತೋರಿಸುವ ಮಾದರಿ ಎಂದು ಮೂರು ಬಗೆಗಳುಂಟು, ಯಾವುದಾದರೂ ಆಗಬಹುದು. ಬಂಕುಗಳ ಮಾಪಕಗಳು ದಿನವೆಲ್ಲಾ ಕೆಳಗೆ ಬಿದ್ದು ಎದ್ದು ಕೆಟ್ಟಿರುವ ಸಂಭವವಿರುವುದರಿಂದ ಅವನ್ನೇ ನಂಬಿಕೊಂಡಿರಬಾರದು. ಕ್ರಮವು ಹೀಗೆ:

(೧) ಕಾರನ್ನು ಸಮನೆಲದ ಮೇಲೆ, ನೆರಳಿನಲ್ಲಿ ನಿಲ್ಲಿಸತಕ್ಕದ್ದು. ಒಂದು ಮಗ್ಗುಲಿಗೆ ಬಿಸಿಲು ಬಿದ್ದರೆ ಆ ಕಡೆಯ ಟೈರುಗಳು ಹೆಚ್ಚು ತೋರಿಸುವುವು.

(೨) ವಾಲ್ವಿನ ಟೋಪಿಯನ್ನು ಬಿಚ್ಚಿ ಜೋಪಾನವಾಗಿಡತಕ್ಕದ್ದು, ಮಣ್ಣನ್ನು ಒರೆಸತಕ್ಕದ್ದು.

(೩) ಮಾಪಕವನ್ನು ವಾಲ್ವಿಗೆ ನೇರವಾಗಿ ಒತ್ತಬೇಕು. ಬುಸ್ಸೆಂಬ ಶಬ್ದ ನಿಲ್ಲದಿದ್ದರೆ ಸರಿಯಾಗಿ ಕೂತಿಲ್ಲವೆಂದು ತಿಳಿಯಬೇಕು. ಎರಡು ಸಲ ಅಳೆದು ಎರಡೂ ಒಂದೇ ಆಗಿದ್ದರೆ ಆ ಅಂಕಿಯನ್ನು ನಂಬಬಹುದು.

(೪) ಕಡಿಮೆಯಿದ್ದರೆ ತುಂಬಿಸಿ, ಪುನಃ ಅಳೆಯತಕ್ಕದ್ದು. ತಣ್ಣಗಿರುವಾಗ ಹೆಚ್ಚಿದ್ದರೆ ವಾಲ್ವಿನ ನಡುವಿನ ಮುಳ್ಳನ್ನು ಸ್ವಲ್ಪ ಸ್ವಲ್ಪವಾಗಿ ಒತ್ತಿ ಬಿಡಬಹುದು.

(೫) ವಾಲ್ವಿನ ಬಾಯಿಗೆ ಸಾಬೂನಿನ ನೀರನ್ನು ಒಂದು ತೊಟ್ಟು ಹಾಕಿ ನೋಡಬೇಕು. ಗುಳ್ಳೆ ಎದ್ದರೆ ವಾಲ್ವು ಸೋರುತ್ತಿದೆ. ಆ ಮೇಲೆ ಟೋಪಿಯನ್ನು ಮರೆಯದೆ ತಿರುಗಿಸತಕ್ಕದ್ದು. ಧೂಳನ್ನು ತಡೆಯುವುದು ಅದೇ.

(೬) ದಿನಾಂಕವನ್ನೂ ಐದು ಅಂಕಿಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಬೇಸಾಯದ ಲೆಕ್ಕದ ಪುಸ್ತಕದ ಒಂದು ಹಾಳೆಯೇ ಸಾಕು.

ಈ ಕೊನೆಯ ಸೂಚನೆಯನ್ನು ಅಲ್ಪವೆಂದು ತಿಳಿಯಬಾರದು. ಒಳ್ಳೆಯ ಟೈರಿನಿಂದಲೂ ತಿಂಗಳಿಗೆ ಒಂದು ಪೌಂಡಿನಷ್ಟು ಗಾಳಿ ರಬ್ಬರಿನ ಮೂಲಕವೇ ನುಸುಳಿಹೋಗುವುದು. ನಾಲ್ಕು ಟೈರುಗಳೂ ಒಂದೊಂದು ಪೌಂಡು ಇಳಿದಿದ್ದರೆ ಚಿಂತೆಯಿಲ್ಲ. ಮೂರು ಒಂದೊಂದು ಪೌಂಡು ಇಳಿದು ನಾಲ್ಕನೆಯದು ಆರು ಪೌಂಡು ಇಳಿದಿದ್ದರೆ, ಅದರಲ್ಲಿ ಮೊಳೆಯೋ ಮುಳ್ಳೋ ಸೇರಿದೆಯೆಂಬುದಕ್ಕೆ ಆ ಹಾಳೆಯೇ ಸಾಕ್ಷಿ.

೭. ಕಣ್ಣಿಗೆ ಕಾಣದ ಸೋರಿಕೆ

ಹಿಂದಿನ ಟ್ಯೂಬಿನ ಟೈರಿಗೆ ಮೊಳೆ ಚುಚ್ಚಿದರೆ ಗಾಳಿ ಬೇಗ ಇಳಿದು ಕಾರು ನಿಲ್ಲುತ್ತಿತ್ತು. ಈಗಿನ ಟ್ಯೂಬಿಲ್ಲದ ಟೈರು ಮೊಳೆಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಗಾಳಿಯು ದಿನಗಟ್ಟಲೆ ಮೆಲ್ಲಮೆಲ್ಲನೆ ಸೋರುತ್ತದೆ. ಇದು ಗುಣವೂ ಹೌದು, ಮೋಸವೂ ಹೌದು. ಇದಲ್ಲದೆ ಈಗಿನ ರೇಡಿಯಲ್ ಟೈರುಗಳ ಗೋಡೆ ಸ್ವಭಾವತಃ ಸ್ವಲ್ಪ ಉಬ್ಬಿರುವುದರಿಂದ, ೩೨ ಪೌಂಡಿನ ಟೈರಿಗೂ ೨೨ ಪೌಂಡಿನ ಟೈರಿಗೂ ಇರುವ ಭೇದ ನೋಟಕ್ಕೆ ಸುಲಭವಾಗಿ ತಿಳಿಯುವುದಿಲ್ಲ. ಕಾಲಿನ ಒದೆತಕ್ಕಂತೂ ತಿಳಿಯುವುದೇ ಇಲ್ಲ.

ಹೊಸ ಕಾರುಗಳಲ್ಲಿ ಎಚ್ಚರಿಕೆಯ ದೀಪವಿದೆಯೆಂದು ನೆಮ್ಮದಿಯಿಂದಿರುವವರೂ ಉಂಟು. ಮೇಲೆ ಹೇಳಿದ ಅಮೆರಿಕಾದ ನಿಯಮದಂತೆ ಆ ದೀಪವು ಹತ್ತಬೇಕಾದುದು ಗಾಳಿಯು ಶೇಕಡಾ ೨೫ರಷ್ಟು ಇಳಿದಾಗ. ೩೨ ಪೌಂಡಿನ ಟೈರು ೨೪ಕ್ಕೆ ಇಳಿಯುವವರೆಗೂ ದೀಪ ಸುಮ್ಮನಿರಬಹುದು. ದೀಪವು ಕೊನೆಯ ಎಚ್ಚರಿಕೆಯೇ ಹೊರತು ಮಾಪಕಕ್ಕೆ ಬದಲಲ್ಲ.

ನೈಟ್ರೋಜನ್ ತುಂಬಿಸಿದರೆ ಅಳೆಯಬೇಕಾದುದಿಲ್ಲವೆಂಬ ಮಾತೂ ಕೇಳಿಬರುತ್ತದೆ. ಸಾಮಾನ್ಯ ಗಾಳಿಯಲ್ಲಿಯೇ ಶೇಕಡಾ ೭೮ ಭಾಗ ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ಸ್ವಲ್ಪ ನಿಧಾನವಾಗಿ ಸೋರುವುದು ನಿಜ. ಆದರೆ ಮೊಳೆಯ ತೂತಿನಿಂದ ಎರಡೂ ಒಂದೇ ಸಮನಾಗಿ ಹೋಗುವುವು. ಅದು ಸಿಕ್ಕದ ಊರಿನಲ್ಲಿ ಸಾಮಾನ್ಯ ಗಾಳಿಯನ್ನು ಸೇರಿಸಿದರೆ ಯಾವ ಬಾಧಕವೂ ಇಲ್ಲ.

೮. ಐದನೆಯ ಚಕ್ರ

ಹೆಚ್ಚಿನ ಚಕ್ರಕ್ಕೆ ಈ ದೇಶದಲ್ಲಿ "ಸ್ಟೆಪ್ನಿ" ಎಂದು ಹೆಸರು. ವೇಲ್ಸ್ ಪ್ರಾಂತದ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ೧೯೦೪ರಲ್ಲಿ ಇಂತಹ ಚಕ್ರದ ತಯಾರಿಕೆ ಆರಂಭವಾದುದರಿಂದ ಆ ಹೆಸರು ಬಂದಿತು. ವರ್ಷಗಟ್ಟಲೆ ಡಿಕ್ಕಿಯಲ್ಲಿ ಮಲಗಿರುವ ಈ ಚಕ್ರವೇ ಅತ್ಯಂತ ಅಲಕ್ಷ್ಯಕ್ಕೆ ಗುರಿಯಾದದ್ದು. ನಡುರಾತ್ರಿ ಹೊರತೆಗೆದಾಗ ಅದರಲ್ಲಿಯೂ ಗಾಳಿಯಿಲ್ಲದಿದ್ದರೆ ರೋಗಿಯ ಗತಿಯೇನು? ಅದನ್ನೂ ಪ್ರತಿ ತಿಂಗಳೂ ಅಳೆಯಬೇಕು. ಕೆಲವು ಕಾರುಗಳ ಕಿರಿದಾದ ಸ್ಟೆಪ್ನಿಗೆ ೬೦ ಪೌಂಡು ಬೇಕಾಗುವುದುಂಟು; ಅದರ ಗೋಡೆಯ ಮೇಲೆ ಬರೆದಿರುವ ಒತ್ತಡವನ್ನೂ ವೇಗದ ಮಿತಿಯನ್ನೂ ಪಾಲಿಸಬೇಕು.

ಗಾಳಿ ಅಳೆಯುವಾಗಲೇ ಟೈರಿನ ವಯಸ್ಸನ್ನೂ ಗಾಡಿಗಳ ಆಳವನ್ನೂ ನೋಡಬಹುದು. ಗೋಡೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ೩೨೧೯ ಎಂದಿದ್ದರೆ ೨೦೧೯ರ ಮೂವತ್ತೆರಡನೆಯ ವಾರ. ಕಾರಿನ ಟೈರಿನ ಗಾಡಿಗಳ ಆಳವು ೧.೬ ಮಿಲಿಮೀಟರಿಗಿಂತ ಕಡಿಮೆಯಾಗಕೂಡದೆಂಬುದು ಭಾರತದ ನಿಯಮ. ಗೋಡೆಯಲ್ಲಿ ಸೀಳು ಅಥವಾ ಗುಳ್ಳೆ ಕಂಡರೆ ಅಂತಹ ಟೈರಿಗೆ ತೇಪೆ ಹಾಕಿಸದೆ ತೆಗೆದುಹಾಕಬೇಕು.

೯. ಟ್ರಾಕ್ಟರಿನ ಟೈರು ಬೇರೆ

ಕಾರನ್ನೂ ಟ್ರಾಕ್ಟರನ್ನೂ ಇಟ್ಟುಕೊಂಡಿರುವ ಜಮೀನುದಾರರು ಎರಡಕ್ಕೂ ಒಂದೇ ರೂಢಿಯನ್ನು ಅನ್ವಯಿಸಕೂಡದು. ಟ್ರಾಕ್ಟರಿನ ಹಿಂದಿನ ದೊಡ್ಡ ಟೈರಿಗೆ ಉಳುವಾಗ ಕಾರಿನ ಅರ್ಧದಷ್ಟೂ ಒತ್ತಡ ಬೇಕಾಗುವುದಿಲ್ಲ. ಕಡಿಮೆ ಒತ್ತಡದಿಂದ ಭಾರ ಅಗಲವಾಗಿ ಹರಡಿ, ಹೊಲದ ಮಣ್ಣು ಗಟ್ಟಿಯಾಗದೆ ಬೆಳೆಯ ಬೇರಿಗೆ ಹಿತವಾಗುವುದು. ಅದೇ ಟ್ರಾಕ್ಟರು ಕಬ್ಬಿನ ಗಾಡಿಯನ್ನು ಎಳೆದು ರಸ್ತೆಗೆ ಇಳಿದಾಗ ಹೆಚ್ಚು ಒತ್ತಡ ಬೇಕು. ಕೈಪಿಡಿಯಲ್ಲಿ ಎರಡು ಅಂಕಿಗಳನ್ನು ಕೊಟ್ಟಿರುವುದು ಈ ಕಾರಣದಿಂದಲೇ.

೧೦. ಟೈರು ಒಡೆದೇ ಹೋದರೆ

ಓಡುತ್ತಿರುವಾಗ ಟೈರು ಒಡೆದರೆ ಒಮ್ಮೆಲೇ ಬ್ರೇಕು ಒತ್ತುವುದೇ ಸಹಜವಾದ ಪ್ರವೃತ್ತಿ. ಅದರಿಂದಲೇ ಕಾರು ಮಗುಚುವ ಸಂಭವ. ಚುಕ್ಕಾಣಿಯನ್ನು ಎರಡು ಕೈಗಳಿಂದಲೂ ಬಿಗಿಯಾಗಿ ಹಿಡಿದು ನೇರವಾಗಿ ಸಾಗಿಸುತ್ತಾ, ಇಂಧನದ ಪಾದವನ್ನು ಮೆಲ್ಲಗೆ ತೆಗೆದು, ವೇಗವು ತಾನಾಗಿಯೇ ತಗ್ಗಿದ ಮೇಲೆ ಎಡಗಡೆಗೆ ಸರಿಸಿ ನಿಲ್ಲಿಸತಕ್ಕದ್ದು. ಮನೆಯಲ್ಲಿ ಕಾರು ನಡೆಸುವ ಪ್ರತಿಯೊಬ್ಬರಿಗೂ, ಕೂಲಿಗೆ ಬರುವ ಚಾಲಕನಿಗೂ, ಈ ಮಾತನ್ನು ಮೊದಲೇ ಹೇಳಿರಬೇಕು.

ಉಪಸಂಹಾರ

ಮೇಲ್ಕಂಡ ವಿವರಗಳ ಸಾರಾಂಶವಿಷ್ಟೆ: ತಿಂಗಳಿಗೊಮ್ಮೆ, ಹಾಗೂ ಪ್ರತಿ ದೂರ ಪ್ರಯಾಣಕ್ಕೂ ಮುನ್ನ, ಟೈರುಗಳು ತಣ್ಣಗಿರುವಾಗ, ಸ್ವಂತ ಮಾಪಕದಿಂದ, ಐದು ಚಕ್ರಗಳನ್ನೂ ಅಳೆದು, ಚೀಟಿಯಲ್ಲಿರುವ ಅಂಕಿಗೆ ಸರಿಪಡಿಸತಕ್ಕದ್ದು. ತಿಂಗಳ ಮೊದಲನೆಯ ದಿನವನ್ನೋ ಅಮಾವಾಸ್ಯೆಯನ್ನೋ ಇದಕ್ಕೆ ಗೊತ್ತುಮಾಡಿಕೊಂಡರೆ ಮರೆಯುವ ಸಂಭವವಿಲ್ಲ. ಇದಕ್ಕೆ ಹಿಡಿಯುವ ಕಾಲ ಹತ್ತು ನಿಮಿಷ. ಗ್ರಾಮದ ಹಿರಿಯರು ತಾವು ಇದನ್ನು ಅಭ್ಯಾಸಮಾಡಿ, ಬಾಡಿಗೆಯ ಜೀಪು ಕಾರುಗಳನ್ನು ನಡೆಸುವ ಊರಿನ ಯುವಕರಿಗೂ ಕಲಿಸಿದರೆ ಮಹೋಪಕಾರವಾಗುವುದು. ಹೆಣ್ಣುಮಕ್ಕಳೂ ಮಕ್ಕಳೂ ಆ ವಾಹನಗಳಲ್ಲಿಯೇ ಸಂತೆಗೂ ಶಾಲೆಗೂ ಹೋಗಿಬರುತ್ತಾರೆ. ಕಡಾಣಿಯನ್ನು ಮುಟ್ಟಿ ನೋಡದೆ ಗಾಡಿ ಹೂಡದಿದ್ದ ಹಿರಿಯರ ವಿವೇಕವು ಮಾಪಕವನ್ನು ಹಿಡಿದ ಕೈಯಲ್ಲಿಯೂ ಉಳಿದು ಬರಲಿ.